ವಾಲಿದ ಕತ್ತಿನ ಐದು ಗೊಂಬೆಗಳು

ಸ್ವೀಡನ್ ದೇಶದ ಐದು ಮಂದಿ ಹಾಡಿದ ಒಂದು ಸಿ.ಡಿ.ಯನ್ನು ನಾನು ಒಟ್ಟು ನಲವತ್ತೊಂದು ಸಲ ಕೇಳಿದ್ದೇನೆ. ಮೊದಲ ಇಪ್ಪತ್ತಾರು ಸಲ ಅವಳಿಲ್ಲದೆ, ಆಮೇಲಿನ ಹದಿನೈದು ಸಲ ಅವಳ ಜೊತೆ. ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಇಟ್ಟಿದ್ದೇನೆ, ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಅವಳು ಯಾರು, ಆ ಸಿ.ಡಿ. ಚನ್ನಪಟ್ಟಣದ ಗೊಂಬೆ ಕಡೆಯುವ ಲೇತ್ ಶೆಡ್ಡಿಗೆ ಯಾಕೆ ಬಂತು ಎಂದು ಹೇಳಬೇಕಾದರೆ ಆ ವರ್ಷದ ಡೈರಿಯನ್ನು ಮೊದಲಿನಿಂದ ತೆರೆಯಬೇಕು.

ಆಗ ನನಗೆ ಇಪ್ಪತ್ತು. ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದೆ. ಹಿಪ್ಪುನೇರಳೆ ಸೊಪ್ಪು ತರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹೆದ್ದಾರಿಯ ಹಿಂದೆ ಶೀಟು ಹೊದಿಸಿದ ಒಂದು ಶೆಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ಮೋಟರ್ ಲೇತಿನಲ್ಲಿ ಗೊಂಬೆ ಕಡೆಯುವುದನ್ನು ಕಲಿಸುತ್ತಾರೆ ಎಂದು ಕೇಳಿ ಸೇರಿದೆ. ಒಟ್ಟು ಹನ್ನೆರಡು ಲೇತು. ಕಲಿಸುತ್ತಿದ್ದವರು ವಯಸ್ಸಾದ ಮೇಸ್ತ್ರಿ. ಅವರ ತಾತನ ಕಾಲದಿಂದ ಇದೇ ಕೆಲಸ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಲು ಬಿಟ್ಟು, ಉಳಿ ಹಿಡಿದು ಆಕಾರ ತೆಗೆದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ನಾನು ಮೂರು ತಿಂಗಳಲ್ಲಿ ಕಲಿತೆ. ಪ್ರತಿದಿನ ಎಷ್ಟು ಕಡೆದೆ, ಎಷ್ಟು ಒಡೆಯಿತು, ಎಷ್ಟು ಮೇಸ್ತ್ರಿ ವಾಪಸು ಕೊಟ್ಟರು ಎಂದು ಬರೆದಿಡುತ್ತಿದ್ದೆ. ಐದನೇ ತಿಂಗಳಿಂದ ವಾಪಸು ಬಂದದ್ದು ಸೊನ್ನೆ.

ನಾನು ಸೇರಿದ ಏಳು ತಿಂಗಳಿಗೆ ಅವಳು ಬಂದಳು. ಕನಕಪುರದ ಕಡೆಯ ಕಬ್ಬಾಳಿನವಳು. ಕುರಿ ಸಾಕುವ ಮನೆ. ಚನ್ನಪಟ್ಟಣದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದಳು. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಮೊದಲ ದಿನವೇ ಉಳಿಯನ್ನು ಸೌಟು ಹಿಡಿದ ಹಾಗೆ ಹಿಡಿದು ಎಲ್ಲರನ್ನೂ ನಗಿಸಿದಳು. ಎರಡನೇ ವಾರದಲ್ಲಿ ಮೇಸ್ತ್ರಿ ಅವಳ ಬುಗುರಿಯೊಂದನ್ನು ಕೈಯಲ್ಲಿ ತಿರುಗಿಸಿ ನೋಡಿ 'ಶಹಬ್ಬಾಸ್' ಎಂದರು. ನಾನು ಬರೆದಿಟ್ಟೆ. ಅಲ್ಲಿಂದ ಆರು ತಿಂಗಳಲ್ಲಿ ಅವರು ಅವಳಿಗೆ ಆ ಮಾತು ಹೇಳಿದ್ದು ಒಂಬತ್ತು ಸಲ. ನನಗೆ ಹೇಳಿದ್ದು 'ಪರವಾಗಿಲ್ಲ', ಮೂವತ್ತಕ್ಕೂ ಹೆಚ್ಚು ಸಲ. ನಾನು ಕ್ಯಾಲಿಪರ್ ಇಟ್ಟು ಅಳೆದೇ ಕಡೆಯುತ್ತಿದ್ದೆ. ನನ್ನ ಹತ್ತು ಗೊಂಬೆ ಸಾಲಾಗಿ ನಿಲ್ಲಿಸಿದರೆ ಯಾವುದು ಮೊದಲು ಮಾಡಿದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ. ಅವಳ ಹತ್ತು ಗೊಂಬೆ ಒಂದೇ ಮನೆಯ ಹತ್ತು ಮಕ್ಕಳ ಹಾಗೆ ಇರುತ್ತಿದ್ದವು. ಆದರೂ ಎಲ್ಲರೂ ಕೈಗೆ ತೆಗೆದುಕೊಳ್ಳುತ್ತಿದ್ದದ್ದು ಅವಳದನ್ನೇ.

ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನ್ನ ಪಕ್ಕಕ್ಕೇ ಬಂದು ಕೂರುತ್ತಿದ್ದಳು. ನನ್ನ ಕ್ಯಾಲಿಪರನ್ನು ನೋಡಿ ಆಸೆಪಡುತ್ತಿದ್ದಳು. 'ನಿನ್ನಂಗೆ ಕರೆಕ್ಟಾಗಿ ಮಾಡಾಕೆ ನಂಗೆ ಯಾವತ್ತು ಬತ್ತದೋ ಕಣಮ್ಮಿ' ಎನ್ನುತ್ತಿದ್ದಳು. ಅದು ನಿಜವಾದ ಮಾತು ಎಂದು ಗೊತ್ತಿದ್ದರಿಂದಲೇ ನನಗೆ ಮೈ ಉರಿಯುತ್ತಿತ್ತು.

ಜನವರಿಯಲ್ಲಿ ಬೆಂಗಳೂರಿನಿಂದ ಡಿಸೈನರ್ ಮೇಡಂ ಬಂದರು. ನಮ್ಮ ಶೆಡ್ಡಿಗೆ ಹೊರದೇಶದ ಆರ್ಡರ್ ತರುತ್ತಿದ್ದವರು ಅವರೇ. ಸ್ವೀಡನ್ನಿನಲ್ಲಿ ಐದು ಜನರ ಒಂದು ಬ್ಯಾಂಡ್ ಇದೆ, ದೊಡ್ಡ ಕಂಪನಿಯವರಲ್ಲ, ಮನೆಯಂಥ ಸ್ಟುಡಿಯೋದಲ್ಲಿ ತಾವೇ ಹಾಡು ಬರೆದು ರೆಕಾರ್ಡ್ ಮಾಡುತ್ತಾರೆ, ಅವರ ಹೊಸ ಸಿ.ಡಿ.ಯ ಹೊದಿಕೆಯ ಫೋಟೋಗೆ ತಮ್ಮ ಬದಲು ಐದು ಮರದ ಗೊಂಬೆ ಬೇಕಂತೆ ಎಂದು ಹೇಳಿದರು. ಬ್ಯಾಂಡ್ ಎಂದ ಕೂಡಲೇ ಹುಡುಗಿಯರಿಗೆ ನೆನಪಾದದ್ದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟು. ಕೆಂಪು ಕೋಟು ಹಾಕಬೇಕಾ ಎಂದು ಅವಳು ಕೇಳಿದಳು. ಮೇಡಂ ನಕ್ಕು, ಅವರು ಸ್ವೆಟರ್ ಹಾಕಿಕೊಂಡು ಹಾಡುತ್ತಾರೆ ಎಂದರು. ನೀಲಿ, ಹಳದಿ, ಕೆಂಪು, ಹಸಿರು, ಕಂದು. ಬೆರಳುದ್ದದ ಗೊಂಬೆ. ಮೈ ಬೇರೆ, ತಲೆ ಬೇರೆ ಕಡೆದು, ತಲೆಗೆ ತೂತು ಕೊರೆದು ಸಣ್ಣ ಗೂಟದಿಂದ ಕೂರಿಸಬೇಕು. ಐದೈದರ ಎರಡು ಸೆಟ್ಟು ಕಳಿಸಬೇಕು, ಅವರು ಅದರಲ್ಲಿ ಒಂದು ಆರಿಸಿಕೊಳ್ಳುತ್ತಾರೆ.

ಮೇಡಂ ಹೋಗುವಾಗ ಇನ್ನೊಂದು ಮಾತು ಹೇಳಿದರು. ಯಾರ ಸೆಟ್ಟು ಆಯ್ಕೆಯಾಗುತ್ತದೋ ಅವರನ್ನು ಕಿಟಕಿಯ ಪಕ್ಕದ ಒಂದನೇ ಲೇತಿಗೆ ಕೂರಿಸಬೇಕು. ಅದು ಸ್ಯಾಂಪಲ್ ಲೇತು. ಅಲ್ಲಿ ಕೂತವರು ದಿನವಿಡೀ ಒಂದೇ ಬಗೆಯ ಬುಗುರಿ ಕಡೆಯಬೇಕಿಲ್ಲ, ಹೊಸದನ್ನು ಮಾತ್ರ ಕಡೆಯಬೇಕು. ಅಲ್ಲಿಯವರೆಗೆ ಮೇಸ್ತ್ರಿಯೇ ಅಲ್ಲಿ ಕೂರುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಬಿಡುತ್ತಿದ್ದರು.

ಆ ಸಂಜೆ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು ತನ್ನ ಕಷ್ಟ ಹೇಳಿಕೊಂಡಳು. ಹಾರೋಹಳ್ಳಿಯಲ್ಲಿ ಆ ವರ್ಷ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದವು. ಕನಕಪುರದ ಕಡೆಯ ಊರುಗಳಿಗೆಲ್ಲ ಕಂಪನಿ ಬಸ್ಸು ಬರುತ್ತಿತ್ತು. ಅವಳ ಅಣ್ಣ ಒಂದು ಫ್ಯಾಕ್ಟರಿಯಲ್ಲಿ ಮಾತಾಡಿ ಇಟ್ಟಿದ್ದ. ಯುಗಾದಿ ಕಳೆದ ಮೇಲೆ ಅವಳು ಊರಿಗೆ ವಾಪಸು ಬಂದು ಅಲ್ಲಿ ಸೇರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

'ಒಂದ್ನೇ ಲೇತು ಸಿಕ್ಕುದ್ರೆ ಮಾತ್ರ ಇಲ್ಲೇ ಇರು ಅಂದವ್ನೆ ನಮ್ಮಣ್ಣ. ಇಲ್ದಿದ್ರೆ ಹಾರೋಹಳ್ಳಿನೇ. ಅಲ್ಲಿ ವೈರ್ ತುದಿಗೆ ಕ್ಲಿಪ್ ಹಾಕೋ ಕೆಲ್ಸ ಅಂತೆ ಕಣಮ್ಮಿ, ಬೆಳಿಗ್ಗಿಂದ ಸಾಯಂಕಾಲದ್ ಗಂಟ ಅದೊಂದೇ' ಎಂದಳು.

ನಾನು ನೋಡೋಣ ಬಿಡು ಎಂದೆ. ಡೈರಿಯಲ್ಲಿ ಬರೆದದ್ದು: ಯುಗಾದಿಗೆ ಇನ್ನು ಒಂಬತ್ತು ವಾರ.

ಇಬ್ಬರೂ ಒಂದೊಂದು ಸೆಟ್ಟು ಮಾಡಿದೆವು. ತಲೆಗೆ ತೂತು ಕೊರೆಯಲು ನಾನು ಮರದ ಅಚ್ಚೊಂದನ್ನು ಮಾಡಿಕೊಂಡೆ. ತಲೆಯನ್ನು ಅದರಲ್ಲಿ ಬಿಗಿದರೆ ಬೈರಿಗೆ ನೇರವಾಗಿಯೇ ಇಳಿಯುತ್ತದೆ. ಅವಳು ತಲೆಯನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ಕಣ್ಣಂದಾಜಿನಲ್ಲೇ ಕೊರೆದಳು. ಸಂಜೆ ಎಲ್ಲರೂ ಹೋದ ಮೇಲೆ, ಬಾಗಿಲು ಹಾಕುವ ಸರದಿ ನನ್ನದಾಗಿದ್ದರಿಂದ, ಅವಳ ಐದನ್ನೂ ನನ್ನ ಲೇತಿನ ಮೇಲೆ ನಿಲ್ಲಿಸಿ ಒಂದೊಂದನ್ನೇ ನೋಡಿದೆ. ಡೈರಿಯಲ್ಲಿ ಹೊಸ ಪುಟ ತೆರೆದು 'ಅವಳ ತಪ್ಪುಗಳು' ಎಂದು ಬರೆದು ಅಡಿಗೆರೆ ಎಳೆದೆ. ನೀಲಿ: ಕತ್ತು ಬಲಕ್ಕೆ ವಾಲಿದೆ, ಒಂದು ರಾಗಿ ಕಾಳಿನಷ್ಟು. ಹಳದಿ: ಮುಖ ಕೆಳಗೆ. ಕೆಂಪು: ಕತ್ತು ಎಡಕ್ಕೆ, ಸೊಂಟದ ಪಟ್ಟಿ ಅಗಲ. ಹಸಿರು: ಕತ್ತು ನೇರ, ಎಡ ಭುಜದಲ್ಲಿ ಅರಗು ತೆಳು. ಕಂದು: ತಲೆ ಹಿಂದಕ್ಕೆ, ಆಕಾಶ ನೋಡುವ ಹಾಗೆ.

ಈ ಪುಟವನ್ನು ಬರೆದಾಗ ಆದ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಆದರೆ ಮಾರನೆಯ ದಿನ ಅವಳಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ತಲೆ ಬಿಚ್ಚಿ ಸರಿಮಾಡಿಕೊಳ್ಳುತ್ತಿದ್ದಳು. ಪೆಟ್ಟಿಗೆಗೆ ತುಂಬಿದವಳೂ ನಾನೇ. ನನ್ನ ಸೆಟ್ಟನ್ನು ಮೇಲಿಟ್ಟು, ಅವಳದನ್ನು ಕೆಳಗೆ, ಹತ್ತಿಯ ಅಡಿಗೆ ಇಟ್ಟೆ. ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು, ಪ್ರತಿಯೊಬ್ಬಳೂ ತಾನು ಕಡೆದದ್ದರ ತಳಕ್ಕೆ ತನ್ನ ಬಣ್ಣದ ಒಂದು ಎಳೆ ಉಂಗುರ ಹಾಕಬೇಕು. ನನ್ನದು ಬಿಳಿ, ಅವಳದು ನೇರಳೆ. ಯಾರದು ಯಾವುದೆಂದು ತಿಳಿಯಲು ಅದೊಂದೇ ಗುರುತು. ನಿಲ್ಲಿಸಿದ ಗೊಂಬೆಯ ತಳ ಫೋಟೋದಲ್ಲಿ ಕಾಣುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಸಿ.ಡಿ. ಬಂದದ್ದು ಯುಗಾದಿಗೆ ಹನ್ನೊಂದು ದಿನ ಇರುವಾಗ, ಒಂದು ಬುಧವಾರ. ಯಾರ ಸೆಟ್ಟು ಎಂಬ ಚೀಟಿ ಅದರ ಜೊತೆ ಇರಲಿಲ್ಲ. ಅಂಗೈಯಗಲದ ಹೊದಿಕೆ. ಹಿಮ ಕೂತ ಕಿಟಕಿಯೊಂದರ ಒಳಗಡೆ ಐದು ಗೊಂಬೆ ನಿಂತಿದ್ದವು, ಒಂದೊಂದೂ ಉಗುರಿನಷ್ಟು. ಮೇಸ್ತ್ರಿ ಕನ್ನಡಕ ಏರಿಸಿ ನೋಡಿ, ಫೋಟೋಗೆ ಹೋಗುವುದು ನೀಟಾದ ಸೆಟ್ಟೇ, ಅಂದರೆ ಇದು ನಿನ್ನದೇ ಎಂದು ನನ್ನ ಕಡೆ ಚಾಚಿದರು. ಸ್ಯಾಂಪಲ್ಲಿನಿಂದ ಏನು ಬಂದರೂ ಅದು ಕಡೆದವರಿಗೆ ಸೇರಬೇಕು, ಅದೂ ಅಲ್ಲಿಯ ಪದ್ಧತಿ. ಹುಡುಗಿಯರೆಲ್ಲ ಸುತ್ತ ನಿಂತಿದ್ದರು. ಅವಳೂ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

ನೀಲಿ ಬಲಕ್ಕೆ. ಹಳದಿ ಕೆಳಕ್ಕೆ. ಕೆಂಪು ಎಡಕ್ಕೆ. ಹಸಿರು ನೇರ. ಕಂದು ಆಕಾಶಕ್ಕೆ. ಆ ಪುಟ ನನಗೆ ಬಾಯಿಪಾಠವಾಗಿತ್ತು.

'ನಿನ್ನವೇ ಕಣಮ್ಮಿ' ಎಂದಳು ಅವಳು. 'ನೋಡು, ಎಷ್ಟು ಚೆಂದಾಗಿ ನಿಂತವೆ.'

ನಾನು ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡೆ.

ಮನೆಯಲ್ಲಿ ಟಿ.ವಿ.ಗೆ ಜೋಡಿಸಿದ ವಿ.ಸಿ.ಡಿ. ಪ್ಲೇಯರ್ ಇತ್ತು. ಹಾಡಿನ ಸಿ.ಡಿ. ಹಾಕಿದರೆ ಪರದೆಯ ಮೇಲೆ ನೀಲಿ ಬಣ್ಣ, ಮೂಲೆಯಲ್ಲಿ ಹಾಡಿನ ಅಂಕಿ, ಓಡುವ ನಿಮಿಷ ಸೆಕೆಂಡು, ಅಷ್ಟೇ. ಹನ್ನೊಂದು ಹಾಡು. ಅಮ್ಮ ಪಿಕ್ಚರ್ ಯಾವಾಗ ಬರುತ್ತದೆ ಎಂದು ಸ್ವಲ್ಪ ಹೊತ್ತು ಕಾದು ಎದ್ದು ಹೋದಳು. ಅಜ್ಜಿ ಮಾತ್ರ ಕೊನೆಯವರೆಗೂ ಕೂತಿದ್ದು, 'ಹಾಡೋಳಿಗೆ ನೆಗಡಿ ಆಗೈತೆ, ಒಸಿ ಮೆಣಸಿನ ಕಷಾಯ ಕೊಡಬಾರ್ದಾ' ಎಂದಳು. ಅಜ್ಜಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಡುವ ಹುಡುಗಿಯ ದನಿ ಮೆಲ್ಲಗಿತ್ತು, ಸ್ವರಕ್ಕಿಂತ ಒಂದು ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಿತ್ತು. ಹಿಂದೆ ಗಿಟಾರು, ಚಪ್ಪಾಳೆ, ದೂರದಲ್ಲೊಂದು ತುತ್ತೂರಿ. ಭಾಷೆ ಇಂಗ್ಲಿಷೇ ಆದರೂ ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಯಾರೋ ಕಾಗದಕ್ಕೆ ಕಾಯುತ್ತಿದ್ದರು, ಯಾರೋ ಸೈಕಲ್ ಹತ್ತಿ ಹೋಗುತ್ತಿದ್ದರು.

ನಾನು ತಪ್ಪು ಹುಡುಕಲು ಕೂತೆ. ಬೇರೆ ರೀತಿ ಕೇಳಲು ನನಗೆ ಬರುತ್ತಿರಲಿಲ್ಲ. ಆರನೇ ಹಾಡಿನ ಮಧ್ಯೆ ಯಾರೋ ಕುರ್ಚಿ ಎಳೆದ ಸದ್ದು. ಎಂಟನೆಯದರಲ್ಲಿ ಚಪ್ಪಾಳೆ ಒಂದು ಕಡೆ ತಪ್ಪುತ್ತದೆ, ಹಾಡುವವಳಿಗೆ ನಗು ಬರುತ್ತದೆ, ಆ ನಗುವಿನಲ್ಲೇ ಮುಂದಿನ ಸಾಲು ಹಾಡುತ್ತಾಳೆ. ಮತ್ತೆ ಹಾಡಬಹುದಿತ್ತು, ತೆಗೆದುಹಾಕಬಹುದಿತ್ತು. ಬೇಕೆಂದೇ ಉಳಿಸಿಕೊಂಡಿದ್ದರು. ಇಂಥ ಜಾಗ ಒಟ್ಟು ಏಳು ಸಿಕ್ಕವು. ಪಟ್ಟಿ ಮಾಡಿ ಮುಗಿಸಿದಾಗ, ಈ ಜನ ನನ್ನ ಐದು ನೇರ ಕತ್ತಿನ ಗೊಂಬೆಗಳನ್ನು ಯಾಕೆ ಬದಿಗಿಟ್ಟರು ಎಂಬುದಕ್ಕೆ ಬೇರೆ ಕಾರಣ ಬೇಕಿರಲಿಲ್ಲ. ಹೊದಿಕೆಯ ಕಿಟಕಿಯಲ್ಲಿ ನಿಂತಿದ್ದ ಆ ಐದು ಗೊಂಬೆ ಒಂದರ ಹಾಡನ್ನು ಇನ್ನೊಂದು ಕೇಳುತ್ತಿದ್ದ ಹಾಗಿದ್ದವು.

ಯುಗಾದಿ ಬಂತು. ಮಾರನೆಯ ದಿನದ ಹೊಸತೊಡಕು ಕಳೆದ ಮೇಲೆ ಅವಳು ಶೆಡ್ಡಿಗೆ ಬಂದದ್ದು ಸಾಮಾನು ತೆಗೆದುಕೊಂಡು ಹೋಗಲು ಮಾತ್ರ. ತನ್ನ ಉಳಿಗಳನ್ನು ನನಗೇ ಕೊಟ್ಟಳು. 'ಅಲ್ಲಿ ಯಾಕ್ ಬೇಕು ಇವು, ನೀನೇ ಇಟ್ಕೊ' ಎಂದಳು. ನಾನು ತೆಗೆದುಕೊಂಡೆ. ಆ ಸೋಮವಾರದಿಂದ ಒಂದನೇ ಲೇತಿನಲ್ಲಿ ಕೂತೆ. ಕಿಟಕಿಯ ಬೆಳಕು ಸೀದಾ ಕೈಮೇಲೆ ಬೀಳುತ್ತಿತ್ತು. ಅಲ್ಲಿ ಕೂತ ಮೇಲಾದರೂ ಉರಿ ಆರಬೇಕಿತ್ತು. ಹೊಟ್ಟೆಕಿಚ್ಚು ಪಡಲು ಎದುರಿಗೆ ಅವಳೇ ಇರಲಿಲ್ಲ. ಆದರೆ ಬಂದವರೆಲ್ಲ ಆ ಸಿ.ಡಿ. ತೋರಿಸು ಎನ್ನುತ್ತಿದ್ದರು, ನೋಡಿ ಹೊಗಳುತ್ತಿದ್ದರು, ಪ್ರತಿ ಹೊಗಳಿಕೆಯೂ ನನ್ನನ್ನು ದಾಟಿ ಹಾರೋಹಳ್ಳಿಗೆ ಹೋಗುತ್ತಿತ್ತು. ಅವನ್ನೂ ಎಣಿಸಿದ್ದೆ. ಹದಿನಾಲ್ಕು.

ಜೂನ್ ಮೊದಲ ವಾರ ಡಿಸೈನರ್ ಮೇಡಂ ಮತ್ತೆ ಬಂದರು. ಸಿ.ಡಿ. ಅಲ್ಲಿ ಜನಕ್ಕೆ ಹಿಡಿಸಿದೆಯಂತೆ. ಹಾಡು ಕೇಳಿದವರು ಗೊಂಬೆಯನ್ನೂ ಕೇಳುತ್ತಿದ್ದಾರಂತೆ. ಅದೇ ಐದು, ನೂರು ಸೆಟ್ಟು ಬೇಕು. ಮೇಡಂ ಒಂದು ಮಾತನ್ನು ಎರಡು ಸಲ ಹೇಳಿದರು, ಕತ್ತುಗಳು ಅದೇ ಹಾಗೆ ಇರಬೇಕು, ಅವರು ಇಷ್ಟಪಟ್ಟದ್ದೇ ಅದನ್ನು. ಮೇಸ್ತ್ರಿ ಇವಳು ಮಾಡಿಕೊಡುತ್ತಾಳೆ ಎಂದು ನನ್ನ ಪರವಾಗಿ ಒಪ್ಪಿಕೊಂಡರು.

ನಾಲ್ಕು ದಿನ ಹೆಣಗಿದೆ. ಅಚ್ಚಿನ ಕೆಳಗೆ ಬೆಂಕಿಕಡ್ಡಿ ಇಟ್ಟು ಓರೆಯಾಗಿ ಕೊರೆದೆ. ಅಳತೆ ಸರಿಯಿತ್ತು, ಒಂದು ರಾಗಿ ಕಾಳು. ಆದರೆ ಗೊಂಬೆ ಕತ್ತು ಉಳುಕಿಸಿಕೊಂಡ ಹಾಗೆ ಕಾಣುತ್ತಿತ್ತು. ಅಚ್ಚು ಬಿಟ್ಟು ಕೈಯಲ್ಲೇ ಹಿಡಿದು ಕೊರೆದೆ. ನನ್ನ ಕೈ ತಾನಾಗಿ ನೇರಕ್ಕೆ ಬಂದುಬಿಡುತ್ತಿತ್ತು. ಮೂವತ್ತೆಂಟು ತಲೆ ಕೆಟ್ಟವು. ಒಂದು ವರ್ಷದಿಂದ ನನ್ನ ಸೊನ್ನೆಗಳ ಸಾಲಿದ್ದ ಕಾಲಂನಲ್ಲಿ ಆ ಮೂವತ್ತೆಂಟನ್ನು ಬರೆದೆ.

ಐದನೇ ದಿನ ಮೇಸ್ತ್ರಿ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮೇಡಂ ಬಿಟ್ಟುಹೋಗಿದ್ದ ದೊಡ್ಡ ಪೋಸ್ಟರನ್ನು ಮಂಡಿಯ ಮೇಲೆ ಹರಡಿದರು. ಅದರಲ್ಲಿ ಗೊಂಬೆಗಳು ಅಂಗೈಯಷ್ಟು ದೊಡ್ಡದಾಗಿದ್ದವು. ಬಹಳ ಹೊತ್ತು ನೋಡಿದರು. ಹಸಿರು ಗೊಂಬೆಯ ಎಡ ಭುಜದ ಮೇಲೆ ಹೆಬ್ಬೆರಳು ಇಟ್ಟು, ಅರಗು ಇಲ್ಲಿ ತೆಳುವಾಗಿದೆ, ನೀನು ಹೀಗೆ ಬಿಡುವವಳಲ್ಲವಲ್ಲ ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

'ನಿಂಗೆ ಯಾವಾಗ ಗೊತ್ತಾಯ್ತು ಬೇಟಾ?'

ಸುಳ್ಳು ಹೇಳಬಹುದಿತ್ತು. ಚೀಲದಿಂದ ಡೈರಿ ತೆಗೆದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ಮಾತ್ರ. ಹಾಗಾಗಿ ನಾನೇ ಓದಬೇಕಾಯಿತು. ತಲೆಬರಹದಿಂದ ಶುರುಮಾಡಿದೆ. ಒಂದೊಂದು ಸಾಲು ಓದಿದಾಗಲೂ ಅವರ ಬೆರಳು ಪೋಸ್ಟರಿನ ಒಂದೊಂದು ಗೊಂಬೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಮೋಟರುಗಳ ಸದ್ದಿಗೆ ಬೇರೆ ಯಾರಿಗೂ ಕೇಳಿಸಲಿಲ್ಲ. ಓದಿ ಮುಗಿಸಿದ ಮೇಲೆ ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ.

'ಅವಳ ಕೆಲ್ಸಾನ ನಾನೂ ಇಷ್ಟು ಚೆನ್ನಾಗಿ ನೋಡಿಲ್ಲ' ಎಂದರು. 'ಹೋಗಿ ಅವಳ ಮುಂದೆನೂ ಓದು' ಎಂದು ಪೋಸ್ಟರ್ ಮಡಿಚಿ ಎದ್ದರು.

ಶನಿವಾರ ಹೋದೆ. ಚನ್ನಪಟ್ಟಣದಿಂದ ಸಾತನೂರು, ಅಲ್ಲಿಂದ ಕನಕಪುರ, ಅಲ್ಲಿಂದ ಹಾರೋಹಳ್ಳಿ, ಮೂರು ಬಸ್ಸು. ಕೈಗಾರಿಕಾ ಪ್ರದೇಶದ ರಸ್ತೆಗಳು ಆಗಿನ್ನೂ ಕೆಂಪು ಮಣ್ಣು. ಎರಡೂ ಕಡೆ ಅರ್ಧ ಎದ್ದ ಗೋಡೆಗಳು, ನೀಲಿ ಶೀಟುಗಳು. ಅವಳ ಫ್ಯಾಕ್ಟರಿಯ ಗೇಟಿನಲ್ಲಿ ಶಿಫ್ಟ್ ಬಿಡುವವರೆಗೆ ನಿಂತೆ. ಮೂರು ಗಂಟೆಗೆ ಒಂದೇ ಬಣ್ಣದ ಕೋಟು ತೊಟ್ಟ ಹೆಣ್ಣುಮಕ್ಕಳು ಹೊರಬಂದರು. ಅವರಲ್ಲಿ ಅವಳನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ನನ್ನನ್ನು ದೂರದಿಂದಲೇ ಕಂಡು ಓಡಿಬಂದಳು.

'ಏನಮ್ಮಿ, ಇಷ್ಟು ದೂರ! ಮೇಸ್ತ್ರಿ ಉಸಾರಾಗವ್ರಾ?'

ಕಂಪನಿ ಬಸ್ಸು ಹೊರಡಲು ಇನ್ನೂ ಕಾಲು ಗಂಟೆಯಿತ್ತು. ಕಾಂಪೌಂಡಿನ ನೆರಳಲ್ಲಿ ನಿಂತು ಪುಟ ತೆರೆದೆ. ಕಂದು ಗೊಂಬೆಯವರೆಗೂ ಓದಿ, ಸಿ.ಡಿ.ಯನ್ನು ಅವಳ ಕೈಗಿಟ್ಟು, ಇದು ನಿನ್ನದು, ಬಂದ ದಿನದಿಂದ ನನಗೆ ಗೊತ್ತಿತ್ತು ಎಂದೆ.

ಅವಳು ಹೊದಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮೊದಲು ಕೇಳಿದ್ದು ನಾನು ಎಣಿಸದೇ ಇದ್ದ ಪ್ರಶ್ನೆ.

'ನನ್ನವು ಸೊಟ್ಟ ಅಂತ ಆಗಲೇ ಯಾಕ್ ಹೇಳ್ನಿಲ್ಲ?'

'ಹೇಳಿದ್ರೆ ನೀನು ಸರಿ ಮಾಡ್ಕತಿದ್ದೆ' ಎಂದೆ.

'ಮಾಡ್ಕತಿದ್ದೆ' ಎಂದಳು. ಆಮೇಲೆ ನನ್ನ ಕಡೆ ನೋಡಲಿಲ್ಲ. ವೈರಿನ ಕ್ಲಿಪ್ಪು ಒತ್ತಿ ಒತ್ತಿ ಅವಳ ಎಡ ಹೆಬ್ಬೆರಳಿನ ತುದಿ ಗಟ್ಟಿಯಾಗಿ ಬೆಳ್ಳಗಾಗಿತ್ತು. ಗೊಂಬೆಯ ತಲೆ ಹಿಡಿದು ಕೊರೆಯುತ್ತಿದ್ದದ್ದು ಆ ಬೆರಳಲ್ಲೇ. ಬಸ್ಸಿನ ಹಾರ್ನ್ ಆಯಿತು. 'ಮೂರು ತಿಂಗ್ಳು ಕಣಮ್ಮಿ. ದಿನಾ ನಿನ್ ಲೇತು ಕನಸ್ಗೆ ಬತ್ತಿತ್ತು' ಎಂದಳು. ಬಸ್ಸು ಹತ್ತಿದಳು. ಸಿ.ಡಿ. ಅವಳ ಕೈಯಲ್ಲೇ ಇತ್ತು.

ಅವಳು ವಾಪಸು ಬಂದದ್ದು ಹದಿನಾರು ದಿನದ ಮೇಲೆ. ಮೇಸ್ತ್ರಿ ತಾವೇ ಕಬ್ಬಾಳಿಗೆ ಹೋಗಿ, ಒಂದನೇ ಲೇತೂ ನೂರು ಸೆಟ್ಟೂ ಅವಳದೇ ಎಂದು ಅವಳ ಅಣ್ಣನ ಹತ್ತಿರ ಮಾತಾಡಿ ಬಂದಿದ್ದರು. ನಾನು ಅವಳ ಉಳಿಗಳಿಗೆ ಎಣ್ಣೆ ಹಚ್ಚಿ ಒಂದನೇ ಲೇತಿನ ಮೇಲೆ ಜೋಡಿಸಿ, ನನ್ನ ಸಾಮಾನು ತೆಗೆದುಕೊಂಡು ನಾಲ್ಕನೆಯದಕ್ಕೆ ಹೋದೆ. ಮೊದಲ ಒಂದು ವಾರ ಅವಳು ನನ್ನ ಜೊತೆ ಬುತ್ತಿ ಬಿಚ್ಚಲಿಲ್ಲ. ಎಂಟನೇ ದಿನ ಬಂದು ಪಕ್ಕದಲ್ಲಿ ಕೂತು, ಮುದ್ದೆ ಮುರಿಯುತ್ತಾ, ಸಿ.ಡಿ. ಐತೆ, ಹಾಕಕ್ಕೆ ನಮ್ಮತ್ತೆ ಮನೇಲಿ ಏನೂ ಇಲ್ಲ ಎಂದಳು.

ಅಂದಿನಿಂದ ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. ಎರಡನೇ ಭಾನುವಾರಕ್ಕೇ ಅಜ್ಜಿ ಅವಳಿಗೆ ಮೊದಲು ಕಾಫಿ ಕೊಡಲು ಶುರುಮಾಡಿದಳು, ನನಗೆ ಆಮೇಲೆ. ಮೊದಲ ಭಾನುವಾರ, ಎಂಟನೇ ಹಾಡಿನಲ್ಲಿ ಚಪ್ಪಾಳೆ ತಪ್ಪುವ ಜಾಗವನ್ನು ನಾನು ತೋರಿಸಿಕೊಡಬೇಕೆಂದು ಕಾದಿದ್ದೆ. ಅವಳು ನಾನು ಬಾಯಿ ತೆರೆಯುವ ಮೊದಲೇ ಹಾಡುವವಳ ಜೊತೆಗೇ ನಕ್ಕುಬಿಟ್ಟಳು. ಹಾಡು ಕೇಳುವಾಗ ಅವಳ ತಲೆ ತಾನಾಗಿ ಬಲಕ್ಕೆ ವಾಲುತ್ತದೆ ಎಂದು ಆ ದಿನವೇ ನೋಡಿದೆ. ಮಾರನೆಯ ದಿನ ಶೆಡ್ಡಿನಲ್ಲಿ ಗಮನವಿಟ್ಟೆ. ತೂತು ಕೊರೆಯುವಾಗಲೂ ಅಷ್ಟೇ, ತನ್ನ ತಲೆ ಓರೆ ಮಾಡಿಕೊಂಡು ನೋಡುತ್ತಾಳೆ, ಒಂದೊಂದು ಸಲ ಒಂದೊಂದು ಕಡೆ. ಅವಳ ಕಣ್ಣಿಗೆ ನೇರವಾಗಿದ್ದದ್ದು ಗೊಂಬೆಯಲ್ಲಿ ವಾಲಿ ಬರುತ್ತಿತ್ತು.

ಕಾರಣ ಸಿಕ್ಕಿತಲ್ಲ ಎಂದು ಮಧ್ಯಾಹ್ನ ಎಲ್ಲರೂ ಕೈತೊಳೆಯಲು ಹೋದಾಗ ನಾನೂ ತಲೆ ಓರೆ ಮಾಡಿಕೊಂಡು ಒಂದು ಗೊಂಬೆಯ ತಲೆ ಕೊರೆದೆ. ಗೂಟಕ್ಕೆ ಕೂರಿಸಿ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ನೇರವಾಗಿಯೇ ಬಂದಿತ್ತು. ತಳಕ್ಕೆ ನನ್ನ ಬಿಳಿ ಉಂಗುರ ಹಾಕಿ, ಯಾರಿಗೂ ತೋರಿಸದೆ ಚೀಲಕ್ಕೆ ಹಾಕಿಕೊಂಡೆ.